ಮೂರನೇ ಕುರ್ಚಿ

ಟೋಪಿ ಹದಿಮೂರು ಕೈ ದಾಟಿ ಮೇಜಿಗೆ ಬಂದಾಗ ಓಡೆಲ್ ಪ್ರೂಯಿಟ್‌ಗೆ ಹೆದರಿಕೆ ಇರಲಿಲ್ಲ, ಸಿಟ್ಟಿತ್ತು. ಹಬ್ಬದ ಬೆಳಿಗ್ಗೆ, ಹೊಟ್ಟೆಗೆ ಕಾಫಿ ಬಿಟ್ಟು ಬೇರೇನೂ ಬೀಳುವ ಮೊದಲೇ, ತಾನು ಕಟ್ಟಿದ ಬ್ಯಾಂಡಿನವರು ತನ್ನ ಕುರ್ಚಿಯ ಮೇಲೆ ಮತ ಹಾಕುತ್ತಿದ್ದಾರೆ. ಎಂಟು ವರ್ಷದಿಂದ ಮೊದಲ ಕುರ್ಚಿಯಲ್ಲಿ ಟ್ರಂಪೆಟ್ ಊದಿದವನನ್ನು ಏಳಿಸಬೇಕೋ ಬೇಡವೋ ಎಂದು ಮೊನ್ನೆ ಮೊನ್ನೆ ಸೇರಿದವರೂ ಹಣೆ ಸುಕ್ಕುಗಟ್ಟಿಸಿ ಯೋಚಿಸುತ್ತಿದ್ದಾರೆ.

ಮತವೆಂದರೆ ಕಾಳು. ಪ್ರತಿಯೊಬ್ಬನಿಗೂ ಒಂದು ಅಲಸಂದೆ ಕಾಳು, ಒಂದು ಹುರಿದ ಕಾಫಿ ಬೀಜ. ಅಲಸಂದೆ ಹಾಕಿದರೆ ಮನುಷ್ಯ ಇದ್ದಲ್ಲೇ ಇರಲಿ ಎಂದು, ಕಾಫಿ ಹಾಕಿದರೆ ಏಳಲಿ ಎಂದು. ಮುಷ್ಟಿ ಮುಚ್ಚಿಕೊಂಡೇ ಟೋಪಿಯೊಳಗೆ ಬಿಡಬೇಕು, ಕೈಯಲ್ಲಿ ಉಳಿದದ್ದನ್ನು ಕಿಟಕಿಯಾಚೆ ಎಸೆಯಬೇಕು. ಯಾರ ಮೇಲೆ ಮತವೋ ಅವನೂ ಹಾಕಬೇಕು. ಪ್ರೇರೀ ಡ್ಯೂಕ್ಸ್ ಬ್ಯಾಂಡಿಗೆ ಯಜಮಾನ ಅಂತ ಒಬ್ಬನಿಲ್ಲ. ಯಾರು ಬರಬೇಕು, ಯಾರು ಹೋಗಬೇಕು, ಯಾರು ಎಲ್ಲಿ ಕೂರಬೇಕು, ಎಲ್ಲಕ್ಕೂ ಟೋಪಿಯೇ. ಈ ಕಾನೂನು ಮಾಡಿದವನು ಓಡೆಲ್.

ಮಾಡಿದ್ದಕ್ಕೆ ಕಾರಣವಿತ್ತು. ಗಥ್ರೀ ಊರಿನ ಹೋಟೆಲಿನಲ್ಲಿ ಪೆಟ್ಟಿಗೆ ಹೊರುತ್ತಿದ್ದವನ ಮಗ ಅವನು. ಹನ್ನೆರಡಕ್ಕೆ ಊರ ಕರಿಯರ ಸಂಘವಾದ ಲಾಡ್ಜಿನ ಬ್ಯಾಂಡಿನಲ್ಲಿ ಕಾರ್ನೆಟ್ ತುತ್ತೂರಿ ಹಿಡಿದ. ಹತ್ತೊಂಬತ್ತಕ್ಕೆ ಸರ್ಕಸ್ಸು ಸೇರಿ, ದೊಡ್ಡ ಡೇರೆಯೊಳಗೆ ಕರಿಯರಿಗೆ ಜಾಗವಿಲ್ಲದ್ದರಿಂದ, ಪಕ್ಕದ ಚಿಕ್ಕ ಡೇರೆಯಲ್ಲಿ ಗಡ್ಡದ ಹೆಂಗಸಿನ ಮುಂದೆ ಐದು ವರ್ಷ ಊದಿದ. ಆಮೇಲೆ ಡಬ್ನಿ ಎಂಬವನ ಬ್ಯಾಂಡು. ಡಬ್ನಿಗೆ ಬೆಳ್ಳಿ ಹಿಡಿಯ ಬೆತ್ತವೊಂದಿತ್ತು. ಆ ಬೆತ್ತ ಯಾರ ಕಡೆ ತಿರುಗುತ್ತದೋ ಅವನ ಕೆಲಸ ಮುಗಿಯಿತು. ಒಂದು ಜನವರಿಯಲ್ಲಿ ಈನಿಡ್ ರೈಲು ನಿಲ್ದಾಣದಲ್ಲಿ ಜ್ವರದಿಂದ ನಡುಗುತ್ತಿದ್ದ ಪಿಯಾನೋದವನ ಕಡೆ ಬೆತ್ತ ತಿರುಗಿತು. ಅವನನ್ನು ಅಲ್ಲೇ ಬೆಂಚಿನ ಮೇಲೆ ಬಿಟ್ಟು ರೈಲು ಹೊರಟಿತು. ಮುಂದಿನ ಊರಿನಲ್ಲಿ ಓಡೆಲ್ ಇಳಿದ. ಅವನ ಜೊತೆ ನಾಲ್ಕು ಜನ ಇಳಿದರು. ಇನ್ನು ಮೇಲೆ ಯಾವನೊಬ್ಬನ ಬೆತ್ತಕ್ಕೂ ಬೆದರುವುದು ಬೇಡ ಎಂದು ಅವತ್ತೇ ಓಡೆಲ್ ತನ್ನ ಟೋಪಿ ತೆಗೆದು ಮೇಜಿನ ಮೇಲಿಟ್ಟಿದ್ದ.

ಈಗ ಡ್ರಮ್ಮಿನ ಪಿಂಕ್ನಿ ಅದನ್ನು ಬೋರಲು ಹಾಕಿದ. ಬೆರಳಿನಿಂದ ಕಾಳು ಸರಿಸಿ ಎರಡು ಗುಂಪು ಮಾಡಿದ. ಗುಂಪು ಅನ್ನುವುದಕ್ಕೆ ಒಂದೇ ಇತ್ತು. ಇನ್ನೊಂದು ಕಡೆ ಒಂಟಿ ಅಲಸಂದೆ ಬಿದ್ದಿತ್ತು.

"ಹನ್ನೆರಡು ಕಾಫಿ. ಒಂದು ಅಲಸಂದೆ," ಎಂದ ಪಿಂಕ್ನಿ, ತಲೆ ಎತ್ತದೆ.

"ಇನ್ನೊಂದ್ಸಲ ಎಣಿಸು."

"ಓಡೆಲಣ್ಣ, ಹದಿಮೂರು ಕಾಳು ಎಣಿಸೋಕೆ ನಂಗೆ ಬರತ್ತೆ."

ಯಾರೂ ನಗಲಿಲ್ಲ. ಕೆಳಗಿನ ಕ್ಷೌರದ ಅಂಗಡಿಯಲ್ಲಿ ಯಾರೋ ನಕ್ಕದ್ದು ನೆಲದ ಹಲಗೆಯ ಮೂಲಕ ಕೇಳಿಸಿತು. ಆ ಒಂಟಿ ಕಾಳು ಯಾರದೆಂದು ಓಡೆಲ್‌ಗೆ ಗೊತ್ತಿತ್ತು. ತಾನೇ ಹಾಕಿದ್ದು.

ಅಂದರೆ ಲೂಶಿಯಸ್ ಕೂಡ ಕಾಫಿಯೇ ಹಾಕಿದ್ದ. ಸ್ಯಾಕ್ಸೊಫೋನಿನ ಲೂಶಿಯಸ್ ಗೇಂಟ್, ಡಬ್ನಿಯ ರೈಲಿನಿಂದ ಜೊತೆಗೆ ಇಳಿದ ನಾಲ್ವರಲ್ಲಿ ಒಬ್ಬ. ಒಂದು ಗಂಟೆ ಹಿಂದೆ ಈ ಮಹಡಿಗೆ ಹತ್ತುವ ಮೆಟ್ಟಿಲ ಮೇಲೆ ಓಡೆಲ್‌ನ ಹೆಗಲು ಹಿಡಿದು, "ನನ್ನ ಕಾಳು ನಿಂದೇ ಕಣೋ, ಅದರ ಚಿಂತೆ ಬಿಡು," ಅಂದಿದ್ದ.

"ಸರಿ ಹಾಗಾದ್ರೆ," ಎಂದು ಪಿಂಕ್ನಿ ಗಂಟಲು ಸರಿಮಾಡಿಕೊಂಡ. "ಟಾಲಿವರ್ ಮೊದಲನೇ ಕುರ್ಚಿ. ಎಜ್ರಾ ಎರಡನೇದು. ಓಡೆಲಣ್ಣ ಮೂರನೇದು. ಮೂರು ಗಂಟೆಗೆ ಡಾನ್ಸು ಶುರು. ಷಿಕಾಗೋ ರೆಕಾರ್ಡ್ ಕಂಪನಿಯವನು ನಾಲ್ಕಕ್ಕೆ ಬರ್ತಾನಂತೆ. ಊಟ ಮಾಡ್ಕೊಂಡು ಬನ್ನಿ."

ಟಾಲಿವರ್ ಇಪ್ಪತ್ತಾರರವನು, ಟೆಕ್ಸಾಸಿನಿಂದ ಬಂದು ಹತ್ತು ತಿಂಗಳಾಗಿತ್ತು. ಏನಾದರೂ ಹೇಳಬೇಕೆಂದು ಎದ್ದು ನಿಂತ. "ಯಜಮಾನ್ರೆ, ನಾನು ನಿಮ್ಮ ಹತ್ರ ಕಲಿತಿದ್ದು ಎಷ್ಟೋ..."

"ಕೂತ್ಕೊಳ್ಳೋ. ಇನ್ನೂ ಸತ್ತಿಲ್ಲ ನಾನು."

ಓಡೆಲ್ ಹಿಂದಿನ ಮೆಟ್ಟಿಲಿಳಿದು ಓಣಿಗೆ ಬಂದ. ಜೂನ್ ಹತ್ತೊಂಬತ್ತು, ಗುಲಾಮಗಿರಿ ಮುಗಿದ ಸುದ್ದಿ ಬಂದ ದಿನ, ಕರಿಯರ ಕೇರಿಯಾದ ಸೆಕೆಂಡ್ ಸ್ಟ್ರೀಟಿಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ. ಓಣಿಯುದ್ದಕ್ಕೂ ನೆಲ ಅಗೆದು ಕೆಂಡ ಹಾಕಿದ್ದರು. ಹಂದಿಯ ಪಕ್ಕೆಲುಬು ಸುಡುವ ಹೊಗೆ ಕಣ್ಣಿಗೆ ನುಗ್ಗುತ್ತಿತ್ತು. ಯಾವಳೋ ಮುದುಕಿ, "ಓಡೆಲಪ್ಪಾ, ಇವತ್ತು ಗಥ್ರೀ ಗಾಡಿ ಬಾರಿಸ್ತೀಯ ತಾನೇ?" ಎಂದು ಕೂಗಿದಳು. ಅವನು ಮುಖ ತಿರುಗಿಸಿದ. 'ಗಥ್ರೀ ಗಾಡಿ' ಅವನೇ ಕಟ್ಟಿದ ಸಂಗೀತದ ತುಣುಕು. ಅದರ ಪ್ರತಿ ಸುತ್ತಿನ ಕೊನೆಯಲ್ಲಿ ಮೊದಲ ಟ್ರಂಪೆಟ್ ನಾಲ್ಕು ಮೆಟ್ಟಿಲು ಹತ್ತಿ ಮೇಲಿನ ಸ್ವರದ ಮೇಲೆ ನಿಂತು, ರೈಲಿನ ಸಿಳ್ಳೆಯ ಹಾಗೆ, ತಾಳದ ಎಂಟು ಪೆಟ್ಟು ಅಲ್ಲಾಡದೆ ನಿಲ್ಲಬೇಕು. ಹೋದ ಶನಿವಾರ ಪೋಂಕಾ ಸಿಟಿಯಲ್ಲಿ ಆ ಸ್ವರ ನಾಲ್ಕನೇ ಪೆಟ್ಟಿಗೆ ಕತ್ತು ಹಿಸುಕಿದ ಕೋಳಿಯ ಹಾಗೆ ಸತ್ತಿತ್ತು. ಕುಣಿಯುತ್ತಿದ್ದವರು ನಿಂತು ನೋಡಿದ್ದರು. ಇವತ್ತಿನ ಕಾಫಿ ಬೀಜವೆಲ್ಲ ಬಿದ್ದದ್ದು ಅದಕ್ಕೇ.

ಲೂಶಿಯಸ್ ಹಿಂದೆಯೇ ಇಳಿದು ಬಂದ.

"ಬೆಳಿಗ್ಗೆ ಏನಂದೆ ನಂಗೆ?" ಎಂದ ಓಡೆಲ್.

"ಅಂದಿದ್ದು ಹೌದು."

"ಸಿಟ್ಟು ಕಾಫಿ ಹಾಕಿದ್ದಕ್ಕಲ್ಲ ಕಣೋ. ಹಾಕು. ಹನ್ನೆರಡು ಬೀಜ ಬೇಕಾದ್ರೂ ನೀನೊಬ್ನೇ ಹಾಕು. ಹೆಗಲ ಮೇಲೆ ಕೈ ಯಾಕಿಟ್ಟೆ? ಹಾರ್ಲನ್‌ನ ಟ್ಯೂಬಾ ಬೇಡ ಅಂತ ಆದಾಗ ನಾನು ಅವನ ಮುಖ ನೋಡ್ಕೊಂಡೇ ಹೇಳಿದ್ದೆ, ಕಾಫಿ ಹಾಕ್ತೀನಿ ಹಾರ್ಲನ್, ನಿನ್ನ ಟ್ಯೂಬಾ ಈಗ ಯಾರಿಗೂ ಬೇಡ ಅಂತ. ಸರ್ಕಸ್ಸಿನಲ್ಲಿ ಐದು ವರ್ಷ ಒಂದೇ ಕಂಬಳಿ ಹೊದ್ದಿದ್ವಿ ನಾನೂ ಅವನೂ."

"ಹೌದು, ಹೇಳಿದ್ದೆ. ಹೆಂಡತಿ ಮಕ್ಕಳ ಎದುರಿಗೆ ಹೇಳಿದ್ದೆ. ಈಗ ಅವನು ಕಸಾಯಿಖಾನೇಲಿ ರಕ್ತ ತೊಳೀತಾನೆ, ನಿನ್ನ ಹೆಸರೆತ್ತಿದ್ರೆ ಉಗೀತಾನೆ. ಅಂಥಾ ಸತ್ಯ ನಂಗೆ ಬರಲ್ಲಪ್ಪ." ಲೂಶಿಯಸ್ ಬೆವರು ಒರೆಸಿಕೊಂಡ. "ಎಲ್ಲಿ, ಆ ತುಟಿ ತೋರ್ಸು."

"ತುಟಿಗೇನಾಗಿದೆ?"

"ನಾಯಿ ಕಚ್ಚಿದ ಹಾಗಿದೆ. ಮೀಸೆ ಇಳಿಬಿಟ್ರೆ ಕಾಣಲ್ಲ ಅಂದ್ಕೊಂಡ್ಯಾ? ಬ್ಲೇಡ್ ಹಾಕಿದ್ದೀಯ ತಾನೇ?"

ಹಾಕಿದ್ದ. ಮೂವತ್ತು ವರ್ಷ ಹಿತ್ತಾಳೆ ಒತ್ತಿ ಒತ್ತಿ ಮೇಲ್ದುಟಿಯ ನಡುವೆ ಜಡ್ಡುಗಟ್ಟಿತ್ತು. ಮಾರ್ಚ್ ತಿಂಗಳಲ್ಲಿ ಒಂದು ದಿನ, ಗಡ್ಡ ಕೆರೆಯುವ ಕನ್ನಡಿಯ ಮುಂದೆ, ಈ ಜಡ್ಡಿನಿಂದಲೇ ಸ್ವರ ದಪ್ಪವಾಗುತ್ತಿದೆ ಎನಿಸಿ ಬ್ಲೇಡಿನಿಂದ ಕೆತ್ತಿದ್ದ. ಹಾಗೆ ಮಾಡಬಾರದೆಂದು ತಾನೇ ಎಷ್ಟೋ ಹುಡುಗರಿಗೆ ಹೇಳಿದ್ದ. ಹುಣ್ಣಾಯಿತು, ಮಾಯಿತು, ಮತ್ತೆ ಹುಣ್ಣಾಯಿತು. ಯಾರಿಗೂ ಹೇಳಲಿಲ್ಲ. ಮುಲಾಮು ಹಚ್ಚಿಕೊಂಡು ಊದಿದ. ಮೇಲಿನ ಸ್ವರ ಬರುತ್ತಲೇ ಇತ್ತು. ಪೋಂಕಾ ಸಿಟಿಯವರೆಗೆ ಒಂದು ಸಲವೂ ಕೈಕೊಟ್ಟಿರಲಿಲ್ಲ. ಒಂದು ಸಲ ತಪ್ಪಿದ್ದಕ್ಕೆ ಇಷ್ಟೆಲ್ಲ! ಯಾವನು ತಪ್ಪಿಲ್ಲ?

"ಒಂದೇ ಸಲ ಕಣೋ," ಎಂದ.

ಲೂಶಿಯಸ್ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡ. "ಮೇಲೆ ಹೋಗು. ಎಜ್ರಾ ಕಾಯ್ತಿದ್ದಾನೆ. ನಿಂಗೆ ಮೂರನೇ ಕುರ್ಚಿಯ ಸಾಲು ಗೊತ್ತಿಲ್ವಲ್ಲ."

ಅದೇ ಎಲ್ಲಕ್ಕಿಂತ ಹೆಚ್ಚು ಉರಿಸಿದ ಮಾತು, ಯಾಕೆಂದರೆ ಅದು ನಿಜ. ಡ್ಯೂಕ್ಸ್ ಬ್ಯಾಂಡಿನಲ್ಲಿ ಕಾಗದದ ಮೇಲೆ ಏನೂ ಇರಲಿಲ್ಲ. ತುಣುಕುಗಳೆಲ್ಲ ಬಸ್ಸಿನಲ್ಲಿ, ಈ ಮಹಡಿಯಲ್ಲಿ, ಬಾಯಿಂದ ಬಾಯಿಗೆ ಕಟ್ಟಿದವು. ಓಡೆಲ್ ಮೇಲಿನ ಸಾಲು ಊದುತ್ತಿದ್ದ. ಉಳಿದವರು ಅದರ ಕೆಳಗೆ ತಮ್ಮ ತಮ್ಮ ಜಾಗ ಹುಡುಕಿಕೊಳ್ಳಬೇಕು. ಬರೆದಿಟ್ಟರೆ ಬೇರೆ ಬ್ಯಾಂಡಿನವರು ಕದಿಯುತ್ತಾರೆ ಎಂದು ಅವನೇ ಪಟ್ಟು ಹಿಡಿದಿದ್ದ. ಹೀಗಾಗಿ ತಾನೇ ಕಟ್ಟಿದ ತುಣುಕಿನಲ್ಲಿ ಎರಡು ಕುರ್ಚಿಯಾಚೆ ಕೂತವನು ನಾಲ್ಕು ವರ್ಷದಿಂದ ಏನು ಊದುತ್ತಿದ್ದಾನೆಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಬೇಕೆಂದು ಅನಿಸಿಯೂ ಇರಲಿಲ್ಲ.

ಮಹಡಿಯಲ್ಲಿ, ಇವತ್ತಿನವರೆಗೆ ಮೂರನೇ ಕುರ್ಚಿಯಲ್ಲಿದ್ದ ಎಜ್ರಾ ಸ್ಟ್ರೋಡರ್ ಎರಡು ಕುರ್ಚಿ ಹಾಕಿಕೊಂಡು ಕೂತಿದ್ದ. ಮೂವತ್ತೆಂಟರ ಸಣಕಲು ಮನುಷ್ಯ, ಮಾತು ಕಡಿಮೆ. ಓಡೆಲ್ ಅವನಿಗೆ ಇಟ್ಟ ಹೆಸರು 'ಒದ್ದೆ ಬತ್ತಿ'. ಸುಟ್ಟರೂ ಹೊತ್ತಿಕೊಳ್ಳುವುದಿಲ್ಲ ಎಂದು ಬಸ್ಸಿನಲ್ಲಿ ಎಲ್ಲರೆದುರು ನಗೆಯಾಡುತ್ತಿದ್ದ.

"ಕೂತ್ಕೋ ಅಣ್ಣ," ಎಂದ ಎಜ್ರಾ. "ಮೊದಲಿನ ಎಂಟು ಆವರ್ತ ಬರೀ ಎರಡು ಸ್ವರ. ಕೇಳು."

ಊದಿದ. ಓಡೆಲ್ ಅದನ್ನೇ ತಿರುಗಿ ಊದಿದ.

"ಅಲ್ಲ. ನೀನು ಮೇಲಕ್ಕೆ ಎಳೀತಿದ್ದೀಯ. ಇಲ್ಲೇ ಇರ್ಬೇಕು, ಏಳ್ಬಾರ್ದು."

"ಇದನ್ನೇನು ನಾಲ್ಕು ವರ್ಷ ಊದಿದ್ಯಾ ನೀನು? ಎಮ್ಮೆ ಕರೆಯೋಕೆ ಸಾಕು ಇದು."

"ಎಮ್ಮೆ ಬಂತಲ್ಲ," ಎಂದ ಎಜ್ರಾ, ಮುಖದಲ್ಲಿ ನಗು ಇಲ್ಲದೆ. "ಇನ್ನೊಂದ್ಸಲ."

ಒಂದೂವರೆ ಗಂಟೆ ಹೀಗೇ ಕಳೆಯಿತು. ಐದು ತುಣುಕು ಮುಗಿದವು. ಸುಲಭವಿದ್ದಷ್ಟೂ ಓಡೆಲ್‌ನ ಸಿಟ್ಟು ಏರುತ್ತಿತ್ತು. ಕೈಕಾಲು ಕಟ್ಟಿ ಕೂರಿಸಿ ಗಂಜಿ ಕುಡಿಸಿದ ಹಾಗಿತ್ತು. ಕೊನೆಗೆ ಗಥ್ರೀ ಗಾಡಿ ಬಂತು. ಎಜ್ರಾ ಮೊದಲಿಂದ ತೋರಿಸಿಕೊಂಡು ಬಂದ. ಸಿಳ್ಳೆಯ ಜಾಗಕ್ಕೆ ಬಂದಾಗ ನಿಲ್ಲಿಸಿದ.

"ಇಲ್ಲಿ ಮೂರನೇದಕ್ಕೆ ಏನೂ ಇಲ್ಲ. ಸುಮ್ನಿರ್ಬೇಕು."

"ಸುಮ್ನಿದ್ಯಾ ನೀನು?"

ಎಜ್ರಾ ಟ್ರಂಪೆಟ್ಟನ್ನು ಮಂಡಿಯ ಮೇಲಿಟ್ಟುಕೊಂಡು ಗುಂಡಿಗಳನ್ನು ಒತ್ತಿ ಬಿಟ್ಟ, ಒತ್ತಿ ಬಿಟ್ಟ. "ಮಾರ್ಚ್‌ವರೆಗೆ ಸುಮ್ನಿದ್ದೆ."

"ಆಮೇಲೆ?"

"ಆಮೇಲೆ ನಾಲ್ಕನೇ ಪೆಟ್ಟಿನಿಂದ ನಾನು ಊದ್ತಿದ್ದೆ. ನಿನ್ನ ಸ್ವರ. ನಿಂದು ಅಲ್ಲಿಗೆ ಸಾಯ್ತಿತ್ತು ಅಣ್ಣ. ಅದು ಸಾಯೋಕೆ ಮುಂಚೆ ನಾನು ಹಿಡ್ಕೊಳ್ತಿದ್ದೆ."

ಓಡೆಲ್‌ಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಮೌತ್‌ಪೀಸು ತುಟಿಗೆ ಒತ್ತಿದಾಗ ತಲೆಬುರುಡೆಯೆಲ್ಲ ಗುಂಯ್ ಎನ್ನುತ್ತದೆ, ಹಲ್ಲು ಅದುರುತ್ತದೆ. ಆ ಸದ್ದಿನೊಳಗೆ ಕೂತವನು ಗಾಳಿಯಲ್ಲಿ ಸ್ವರ ನಿಂತಿರುವುದು ಕೇಳಿದರೆ ಅದು ತನ್ನದೆಂದೇ ತಿಳಿಯುತ್ತಾನೆ. ಮೂರು ತಿಂಗಳು ಅವನು ಇನ್ನೊಬ್ಬನ ಸ್ವರ ಕೇಳಿ, ಇನ್ನೂ ಇದೆ ನನ್ನಲ್ಲಿ ಎಂದು ಎದೆ ಉಬ್ಬಿಸಿದ್ದ. ಚಪ್ಪಾಳೆಗೆ ಬಗ್ಗಿ ನಮಸ್ಕಾರ ಮಾಡಿದ್ದ.

"ಪೋಂಕಾ ಸಿಟಿಗೆ ನಾನು ಬರ್ಲಿಲ್ವಲ್ಲ, ಹಲ್ಲುನೋವು," ಎಂದ ಎಜ್ರಾ. "ಅವತ್ತು ಕುಣಿಯೋರಿಗೆ ಗೊತ್ತಾಯ್ತು ಅಷ್ಟೆ. ಬ್ಯಾಂಡಿನವರಿಗೆ ಮಾರ್ಚ್‌ನಿಂದ ಗೊತ್ತು."

"ಎಲ್ಲರಿಗೂ?"

"ಎಲ್ಲರಿಗೂ."

ಓಡೆಲ್ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಯಾವನೋ ಹೇಳಿದ್ದು ನಿಂಗೆ ಹಿಡ್ಕೋ ಅಂತ? ಹಾಂ? ನಾನು ಕೇಳಿದ್ನಾ? ಬಿಡ್ಬೇಕಿತ್ತು! ಮಾರ್ಚ್‌ನಲ್ಲೇ ಎಲ್ಲರೆದುರು ಕೋಳಿ ಸಾಯ್ಲಿ ಅಂತ ಬಿಟ್ಟಿದ್ರೆ ಅವತ್ತೇ ನಿಲ್ಲಿಸಿ ತುಟಿ ವಾಸಿ ಮಾಡ್ಕೋತಿದ್ದೆ. ಮೂರು ತಿಂಗಳು ಗಾಯದ ಮೇಲೆ ಹಿತ್ತಾಳೆ ಒತ್ತಿಸಿದ್ರಲ್ಲೋ, ಹನ್ನೆರಡು ಜನ ಸೇರಿ!"

ಎಜ್ರಾ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿದ. "ಹೇಳೋಣ ಅಂತ ಒಂದ್ಸಲ ಬಸ್ಸಲ್ಲಿ ಹತ್ರ ಬಂದಿದ್ದೆ. 'ಬಂತು ನೋಡ್ರೋ ಒದ್ದೆ ಬತ್ತಿ' ಅಂದೆ ನೀನು. ನಾನು ವಾಪಸ್ ಹೋಗಿ ಕೂತೆ."

ಓಡೆಲ್ ಮತ್ತೆ ಕುರ್ಚಿಯಲ್ಲಿ ಕೂತ. ಕೇಳಿದ: "ಆ ಸ್ವರ ನಿಂಗೆ ಬರತ್ತೆ ಅಂದ್ಮೇಲೆ ಮೊದಲನೇ ಕುರ್ಚಿ ನೀನ್ಯಾಕೆ ಕೇಳ್ಲಿಲ್ಲ?"

"ಒಂದು ನಾಲ್ಕು ಪೆಟ್ಟು ಬರತ್ತೆ. ಇಡೀ ಸಂಜೆ ಬರಲ್ಲ. ಎರಡು ಗಂಟೆ ಕೆಳಗಿನ ಸ್ವರ ಊದಿ ತುಟಿ ಉಳಿಸ್ಕೊಂಡು, ಆಮೇಲೆ ಒಂದು ಸಲ ಮೇಲೆ ಹೋಗೋಕೆ ಯಾರಿಗಾದ್ರೂ ಆಗತ್ತೆ. ನಿಂಗೂ ಆಗತ್ತೆ." ಮೌತ್‌ಪೀಸು ತೆಗೆದು ಒರೆಸಿದ. "ಟಾಲಿವರ್‌ಗೆ ಯಾರೂ ಹಿಡ್ಕೊಡೋದು ಬೇಕಾಗಲ್ಲ ಬಿಡು. ಎಳೇ ಎದೆ."

ಮೂರಕ್ಕೆ ಡಾನ್ಸು ಶುರುವಾಯಿತು. ಲಾಡ್ಜಿನ ಹಾಲ್, ಕಿಟಕಿಗಳೆಲ್ಲ ತೆರೆದು, ಫ್ಯಾನು ತಿರುಗುತ್ತಿದ್ದರೂ ಮೈಯೆಲ್ಲ ನೀರು. ಹೆಂಗಸರು ಬಿಳಿ ಉಡುಪಿನಲ್ಲಿ, ಕೈಯಲ್ಲಿ ಕೆಂಪು ಸೋಡಾ. ಟ್ರಂಪೆಟ್ಟಿನ ಸಾಲಿನಲ್ಲಿ ಬಲಗಡೆಯ ಕೊನೆಯ ಕುರ್ಚಿಗೆ ಓಡೆಲ್ ಹೋಗಿ ಕೂತಾಗ ಮುಂದಿದ್ದವರು ಮೊಣಕೈಯಿಂದ ಪಕ್ಕದವರನ್ನು ತಿವಿದರು. "ಅದೇನೇ, ಓಡೆಲ್ ಮೂಲೇಲಿ?" "ಮುದುಕ ಆದ ಬಿಡೇ." ನಲವತ್ಮೂರು ವರ್ಷ ಅವನಿಗೆ.

ಊದಿದ. ಏಳದೆ, ಮೇಲಕ್ಕೆ ಎಳೆಯದೆ, ಕಲಿಸಿದ ಹಾಗೆ ಊದಿದ. ಬ್ಯಾಂಡು ಕೇಳಿಸುತ್ತಿತ್ತು. ಇಷ್ಟು ವರ್ಷ ತನ್ನ ಸದ್ದಿನ ಹಿಂದೆ ಎಲ್ಲೋ ಇದ್ದ ಬ್ಯಾಂಡು ಈಗ ಸುತ್ತಲೂ ಕೇಳಿಸುತ್ತಿತ್ತು. ಮತ್ತು ಅದು ಚೆನ್ನಾಗಿತ್ತು. ಹೋದ ತಿಂಗಳಿಗಿಂತ ಚೆನ್ನಾಗಿತ್ತು. ಸುಳ್ಳು ಹೇಳಿಕೊಳ್ಳಲು ಅವನ ಕಿವಿ ಬಿಡಲಿಲ್ಲ. ಟಾಲಿವರ್ ಹಗುರಾಗಿ, ಚೊಕ್ಕಟವಾಗಿ ಹೋಗುತ್ತಿದ್ದ. ಹಾಳಾದವನು ಎಲ್ಲಾದರೂ ಎಡವಲಿ ಎಂದು ಓಡೆಲ್ ಪ್ರತಿ ಸುತ್ತಿನಲ್ಲೂ ಕಾದ.

ನಾಲ್ಕೂಕಾಲಿಗೆ ಷಿಕಾಗೋದವನು ಬಂದ. ಕಂದು ಸೂಟಿನ ಬಿಳಿಯ, ಬೆವರಿನ ಕತ್ತು. ವೇದಿಕೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡ. ಪಿಂಕ್ನಿ ಡ್ರಮ್ಮಿನ ಮೇಲೆ ರೈಲಿನ ಗಾಲಿ ತಿರುಗಿಸಿದ. ಗಥ್ರೀ ಗಾಡಿ.

ಹಾಲ್ ಎದ್ದು ಕುಣಿಯಿತು. ಟಾಲಿವರ್‌ನ ಕತ್ತಿನ ನರ ಬಿಗಿದದ್ದು ಎರಡು ಕುರ್ಚಿಯಾಚೆಯಿಂದಲೂ ಕಾಣುತ್ತಿತ್ತು. ಷಿಕಾಗೋದವನನ್ನು ನೋಡಿ ಅವಸರ ಮಾಡಿದ. ಮೆಟ್ಟಿಲು ಹತ್ತುವಾಗ ಉಸಿರು ತೆಗೆದುಕೊಳ್ಳಬೇಕಾದ ಕಡೆ ತೆಗೆದುಕೊಳ್ಳಲಿಲ್ಲ. ಓಡೆಲ್‌ಗೆ ಅದು ಅವನಿಗಿಂತ ಮುಂಚೆ ಗೊತ್ತಾಯಿತು. ಮೇಲೆ ನಿಂತ ಸ್ವರ ಒಂದು, ಎರಡು, ಮೂರು ಪೆಟ್ಟು ಹೊಳೆಯಿತು. ನಾಲ್ಕಕ್ಕೆ ತೆಳ್ಳಗಾಯಿತು. ಓಡೆಲ್‌ನ ತುಟಿಗೆ ಹಿತ್ತಾಳೆ ತಾಕಿಯೇ ಇತ್ತು. ಊದಬಹುದಿತ್ತು. ಊದಲಿಲ್ಲ. ಸಾಯಲಿ ಎಂದುಕೊಂಡ. ಎಲ್ಲರೆದುರು ಸಾಯಲಿ, ಹನ್ನೆರಡು ಜನರೂ ತಮ್ಮ ಬೀಜ ನುಂಗಲಿ.

ಸ್ವರ ಸಾಯಲಿಲ್ಲ. ನಡುವಿನ ಕುರ್ಚಿಯಿಂದ ಎಜ್ರಾ ಎತ್ತಿಕೊಂಡಿದ್ದ. ಎಂಟನೇ ಪೆಟ್ಟಿಗೆ ಇಳಿಸಿ, ಏನೂ ಆಗದವನ ಹಾಗೆ ತನ್ನ ಸಾಲಿಗೆ ಹೋದ. ಊದುವ ನಡುವಿನ ಬಿಡುವಿನಲ್ಲಿ, ತಿರುಗದೆ, ಬಾಯಿಯ ಕೊನೆಯಿಂದ ಹೇಳಿದ:

"ಅದು ಈಗ ನಿನ್ನ ಕೆಲಸ. ಎರಡನೇ ಸುತ್ತಿಗೆ ನನ್ನ ಹತ್ರ ತುಟಿ ಉಳಿದಿಲ್ಲ."

"ನಿಂಗೆ ಬೇಕಾದ್ರೆ ಸಾಯಿ," ಎಂದ ಓಡೆಲ್.

"ಟಾಲಿವರ್‌ದಲ್ಲ ಆ ಗಾಡಿ. ನಿಂದು."

ಎರಡನೇ ಸುತ್ತು ಬಂತು. ಜನ ಈಗ ಸಿಳ್ಳೆಗೇ ಕಾಯುತ್ತಿದ್ದರು, ಕೈ ಮೇಲೆತ್ತಿಕೊಂಡು. ಟಾಲಿವರ್ ಮತ್ತೆ ಉಸಿರಿಲ್ಲದೆ ಹತ್ತಿದ, ಅದೇ ತಪ್ಪು, ಅದೇ ಜಾಗ. ಮೂರನೇ ಪೆಟ್ಟಿಗೇ ಅವನ ಸ್ವರ ನಡುಗಿತು. ಓಡೆಲ್ ಹೊಟ್ಟೆಯ ತಳದಿಂದ ಗಾಳಿ ತಂದು ಹೊಡೆದ. ಗಾಯ ಬಿರಿಯಿತು, ಬಾಯಿಗೆ ಉಪ್ಪು ಬಂತು. ಸ್ವರದಲ್ಲಿ ಮರಳು ಕಲಸಿದ ಹಾಗಿತ್ತು. ಆದರೆ ನಿಂತಿತು. ಮೂರನೇ ಕುರ್ಚಿಯವನು ಊದಬಾರದಷ್ಟು ಜೋರಾಗಿ, ಅಲ್ಲಾಡದೆ, ಎಂಟರವರೆಗೆ ನಿಂತಿತು. ಕೆಳಗೆ ಯಾರೋ ಟೋಪಿಗಳನ್ನು ಸೂರಿಗೆ ಎಸೆದರು.

ತುಣುಕು ಮುಗಿದು ಬಿಡುವು ಬಂದಾಗ ಷಿಕಾಗೋದವನು ನೇರ ಟಾಲಿವರ್‌ನ ಬಳಿ ಬಂದು ಕೈ ಹಿಡಿದು ಕುಲುಕಿದ. "ಆ ಕೊನೇ ಸಿಳ್ಳೆ! ಅದಕ್ಕೋಸ್ಕರ ಷಿಕಾಗೋದಿಂದ ಬರಬಹುದು ಕಣಯ್ಯ!"

ಟಾಲಿವರ್‌ನ ಮುಖ ಅರಳಿತ್ತು. ನಟನೆಯಲ್ಲ. ಅವನು ನಿಜಕ್ಕೂ ನಂಬಿದ್ದ. ಪಿಂಕ್ನಿ ಡ್ರಮ್ಮಿನ ತಿರುಪು ಬಿಗಿಯುತ್ತ ಕೆಳಗೆ ನೋಡಿದ. ಲೂಶಿಯಸ್ ಕಿಟಕಿಯ ಹೊರಗೆ ನೋಡಿದ. ಒಬ್ಬನ ಬಾಯಿಯೂ ತೆರೆಯಲಿಲ್ಲ. ಹನ್ನೊಂದು ಜನ ಮತ್ತೆ ಅದನ್ನೇ ಶುರುಮಾಡಿದ್ದರು.

ಓಡೆಲ್ ಕರವಸ್ತ್ರದಿಂದ ತುಟಿ ಒರೆಸಿಕೊಂಡು ಎದ್ದು ಬಂದು ಇಬ್ಬರ ನಡುವೆ ನಿಂತ.

"ಆ ಸ್ವರ ನಿಂದಲ್ಲ ಕಣೋ ಪೆದ್ದ," ಎಂದ ಟಾಲಿವರ್‌ಗೆ. "ಮೊದಲನೇ ಸಲ ಎಜ್ರಾದು, ಎರಡನೇ ಸಲ ನಂದು. ಮೂರನೇ ಮೆಟ್ಟಿಲಲ್ಲಿ ಉಸಿರು ತಗೋಬೇಕು, ನೀನು ತಗೊಳ್ಳಲ್ಲ. ಇವತ್ತೇ ಕೇಳಿಸ್ಕೋ, ಯಾಕಂದ್ರೆ ಇವರ್ಯಾರೂ ಹೇಳಲ್ಲ ನಿಂಗೆ. ಇನ್ನೊಂದ್ಸಲ ನಾನೂ ಹಿಡಿಯಲ್ಲ."

ಷಿಕಾಗೋದವನು ಹುಬ್ಬೇರಿಸಿದ. "ಏನಂತೆ ಇವನದು?"

"ಏನಿಲ್ಲ ಸಾರ್," ಎಂದ ಲೂಶಿಯಸ್ ಓಡಿ ಬಂದು, ಹಲ್ಲು ಕಿರಿದು. "ನಮ್ಮಲ್ಲಿ ಮಾತಾಡೋದೇ ಹೀಗೆ. ಬನ್ನಿ, ನಿಂಬೆ ಪಾನಕ ಕುಡಿಯೋಣ."

ಟಾಲಿವರ್ ಅಲ್ಲೇ ನಿಂತಿದ್ದ. ಮುಖದ ನಗು ಹೋಗಿತ್ತು. ಅದರ ಜಾಗದಲ್ಲಿ ಬಂದ ಸಿಟ್ಟು ಓಡೆಲ್‌ಗೆ ಚೆನ್ನಾಗಿ ಪರಿಚಯವಿದ್ದದ್ದು. ಹೊಡೆಯುತ್ತಾನೇನೋ ಎಂದು ಓಡೆಲ್ ಕಾಲು ಗಟ್ಟಿ ಊರಿದ. ಟಾಲಿವರ್ ಹೊಡೆಯಲಿಲ್ಲ. ಹಲ್ಲು ಕಚ್ಚಿಕೊಂಡೇ ಕೇಳಿದ:

"ಎಷ್ಟನೇ ಮೆಟ್ಟಿಲು ಅಂದ್ರಿ?"